ಮುಧೋಳದ ಪಡಸಾಲೆಯಲ್ಲಿ ವಿಕ್ರಾಂತ್

ಬಾಗಿಲು ಹಾಕಿಕೊಂಡೇ ಒಳಗೆ ಬನ್ನಿ. ಮೇಜಿನ ಮೇಲೆ ಹಸಿ ಬಣ್ಣವಿದೆ, ಹೊರಗೆ ಬೂದಿ ಬೀಳುತ್ತಿದೆ. ಡಿಸೆಂಬರ್ ಅಂದರೆ ಮುಧೋಳ ಸೀಮೆಗೆಲ್ಲ ಕಬ್ಬಿನ ಸೀಜನ್. ಸಕ್ಕರೆ ಕಾರ್ಖಾನೆಯ ಚಿಮಣಿಯಿಂದ ಎದ್ದ ಕಬ್ಬಿನ ಸಿಪ್ಪೆಯ ಕರಿ ಅಂಗಳಕ್ಕೂ ಬೀಳುತ್ತದೆ, ಒಣಹಾಕಿದ ಅರಿವೆಗೂ ಬೀಳುತ್ತದೆ. ಊರಿಗೆ ಅದು ರೂಢಿ. ನನ್ನ ಮೇಜಿಗೆ ಮಾತ್ರ ಬೀಳಕೂಡದು. ಲೆಕ್ಕ ಹಾಕಿ ನೋಡಿ: ಇಲ್ಲಿ ತಯಾರಾಗುತ್ತಿರುವ ವಿಮಾನ ನಿಜದ್ದರ 72ನೇ ಒಂದು ಪಾಲು. ಅರ್ಧ ಮಿಲಿಮೀಟರಿನ ಕಣವೊಂದು ಇದರ ಹಸಿ ರೆಕ್ಕೆಗೆ ಅಂಟಿತು ಅನ್ನಿ, ನಿಜದ ರೆಕ್ಕೆಯ ಮೇಲೆ ಅದು 36 ಮಿಲಿಮೀಟರಿನ ಕಲ್ಲು. ವಿಮಾನವನ್ನು ಸಣ್ಣದು ಮಾಡಬಹುದು, ಧೂಳನ್ನು ಮಾಡಲಾಗುವುದಿಲ್ಲ.

ಸ್ಟೂಲ್ ಎಳೆದುಕೊಂಡು ಕೂಡ್ರಿ. ಲ್ಯಾಂಪಿನ ಕೆಳಗೆ ಥರ್ಮಾಕೋಲಿನ ತುಂಡು, ಅದಕ್ಕೆ ಚುಚ್ಚಿದ ಹಲ್ಲುಕಡ್ಡಿಗಳು, ಒಂದೊಂದು ಕಡ್ಡಿಯ ತುದಿಗೆ ಒಂದೊಂದು ಬಿಡಿಭಾಗ. ಮೂರು ಚಕ್ರ, ಸಲಕರಣೆ ಫಲಕ, ಸ್ಟಿಕ್. ಆ ತುದಿಯಲ್ಲಿರುವುದು ಪೈಲಟ್ಟನ ಸೀಟು. ಎತ್ತರ ಸೆಂಟಿಮೀಟರಿಗಿಂತ ತುಸು ಹೆಚ್ಚು. ಭೂತಗನ್ನಡಿ ಹಿಡಿದು ಅದರ ನೆತ್ತಿ ನೋಡಿ, ಒಂದು ಹಿಡಿಕೆ ಕಾಣುತ್ತದೆ. ಮಾರ್ಟಿನ್ ಬೇಕರ್ ಕಂಪನಿಯ ಸೀಟು ಇದು. ಜೀವ ಉಳಿಸಿಕೊಳ್ಳಬೇಕಾದಾಗ ಪೈಲಟ್ ಎರಡೂ ಕೈ ಮೇಲೆತ್ತಿ ಈ ಹಿಡಿಕೆ ಜಗ್ಗುತ್ತಾನೆ. ಮುಖದ ಮೇಲೆ ಪರದೆ ಇಳಿಯುತ್ತದೆ, ಸೀಟು ಸಿಡಿದು ಹೊರಬೀಳುತ್ತದೆ. ಹಿಡಿಕೆಗೆ ಹಳದಿ ಕಪ್ಪು ಪಟ್ಟೆ ಬಳಿಯಬೇಕು. ಉಸಿರು ಬಿಗಿಹಿಡಿದು, ಮೊಣಕೈ ಮೇಜಿಗೆ ಊರಿ, ಕುಂಚದ ಕೊನೆಯ ಕೂದಲಿನಿಂದ ಒಂದು ಗೆರೆ. ಪೈಲಟ್ಟನ ತಲೆಯ ಮೇಲಿನ ಮುಚ್ಚಳ, ಕ್ಯಾನೊಪಿ, ಮುಚ್ಚಿದ ಮೇಲೆ ಇದು ಯಾರಿಗೂ ಕಾಣುವುದಿಲ್ಲ. ಆದರೂ ಬಳಿಯುತ್ತೇನೆ, ಯಾಕೆ ಅಂತ ಕೇಳಬೇಡಿ.

ಯುದ್ಧಕಾಲದ ನೌಕಾ ಫೈಟರ್ ಅಂದಕೂಡಲೇ ಈ ಹವ್ಯಾಸದವರ ಬಾಯಲ್ಲಿ ಬರುವುದು ಝೀರೊ, ಕೋರ್ಸೇರ್, ಹೆಲ್‌ಕ್ಯಾಟ್. ಪೆಸಿಫಿಕ್ ಸಾಗರದ ಯುದ್ಧ ಅವರಿಗೆ ಬಾಯಿಪಾಠ. ನನಗೆ ನಮ್ಮ ಯುದ್ಧದ್ದೇ ಬೇಕಿತ್ತು. 1971ರಲ್ಲಿ ನಮ್ಮ ಐಎನ್‌ಎಸ್ ವಿಕ್ರಾಂತ್ ಹಡಗಿನಿಂದ ಏರಿ ಪೂರ್ವ ಪಾಕಿಸ್ತಾನದ ಬಂದರುಗಳ ಮೇಲೆ ಎರಗಿದ ಹಾಕರ್ ಸೀ ಹಾಕ್ ಇದು. ಎರಡನೇ ಮಹಾಯುದ್ಧಕ್ಕೆ ಹರಿಕೇನ್ ಕೊಟ್ಟ ಸಿಡ್ನಿ ಕ್ಯಾಮ್ ಅವರ ತಂಡದ್ದೇ ವಿನ್ಯಾಸ. ಮೊದಲ ಮಾದರಿ ಹಾರಿದ್ದು 1947ರ ಸೆಪ್ಟೆಂಬರ್ 2ರಂದು, ನಮಗೆ ಸ್ವಾತಂತ್ರ್ಯ ಬಂದು ಮೂರು ವಾರವೂ ಕಳೆದಿರಲಿಲ್ಲ. ಒಬ್ಬನೇ ಪೈಲಟ್, ರೋಲ್ಸ್ ರಾಯ್ಸ್ ನೀನ್ ಎಂಜಿನ್ ಒಂದು, ಮೂತಿಯ ಕೆಳಗೆ 20 ಮಿಲಿಮೀಟರಿನ ನಾಲ್ಕು ಫಿರಂಗಿ. ನಿಜದ್ದರ ರೆಕ್ಕೆಯ ಹರವು 11.89 ಮೀಟರ್, ನನ್ನ ಮೇಜಿನ ಮೇಲೆ 165 ಮಿಲಿಮೀಟರ್, ಅಂಗೈ ಅಗಲಿಸಿದರೆ ಸರಿಹೋಗುತ್ತದೆ.

ಈಗ ಒಡಲಿನ ಎರಡು ಹೋಳು ಕೂಡಿಸುವ ಕೆಲಸ. ಕೂಡಿಸುವ ಮುಂಚೆ ಮೂತಿಯೊಳಗೆ ತೂಕ ತುಂಬಬೇಕು, ಇಲ್ಲದಿದ್ದರೆ ಮೂರು ಗಾಲಿಯ ವಿಮಾನ ಮುಂಗಾಲು ಎತ್ತಿ ಬಾಲದ ಮೇಲೆ ಕೂಡುತ್ತದೆ. ಪೇಟೆಯಲ್ಲಿ ಬಲೆ ಮಾರುವವರ ಹತ್ತಿರ ಸೀಸದ ಗುಂಡು ಸಿಗುತ್ತದೆ, ಘಟಪ್ರಭೆಯಲ್ಲಿ ಮೀನು ಹಿಡಿಯುವವರು ಬಲೆಯ ಅಂಚಿಗೆ ಕಟ್ಟುವುದು. ಸುತ್ತಿಗೆಯಿಂದ ಚಪ್ಪಟೆ ಮಾಡಿ, ಎಂ-ಸೀಲ್ ಹಚ್ಚಿ ಮೂತಿಯ ಗೂಡಿಗೆ ಒತ್ತಿದರೆ ಮುಗಿಯಿತು. ಘಟಪ್ರಭೆ ಕೃಷ್ಣೆಗೆ ಸೇರಿ ಬಂಗಾಳ ಕೊಲ್ಲಿಗೇ ಹೋಗುತ್ತದೆ ಅನ್ನುವುದು ಹೊಳೆದಾಗ ಒಬ್ಬನೇ ನಕ್ಕಿದ್ದೆ. ಈ ವಿಮಾನ ಯುದ್ಧ ಮಾಡಿದ್ದೂ ಅದೇ ಕೊಲ್ಲಿಯ ಮೇಲೆ.

ಹೋಳುಗಳನ್ನು ಎಡಗೈಯಲ್ಲಿ ಹಿಡಿದಿದ್ದೇನೆ. ಬಲಗೈಯ ಕುಂಚದಲ್ಲಿರುವುದು ನೀರಿನಷ್ಟು ತೆಳುವಾದ ದ್ರಾವಣ. ಅಂಟು ಅನ್ನುತ್ತೇವೆ, ಆದರೆ ಇದು ಅಂಟಿಸುವುದಿಲ್ಲ, ಪ್ಲಾಸ್ಟಿಕ್ಕನ್ನೇ ಕರಗಿಸಿ ಬೆಸೆಯುತ್ತದೆ. ಬಿರುಕಿಗೆ ಕುಂಚದ ತುದಿ ಮುಟ್ಟಿಸಿ. ನೋಡಿ, ಓಡಿತು. ಬಾಲದ ಬುಡದಿಂದ ಕಾಕ್‌ಪಿಟ್ಟಿನವರೆಗೆ ಸಂದಿನುದ್ದಕ್ಕೂ ತಾನೇ ಹರಿದುಹೋಯಿತು. ಮೆಲ್ಲಗೆ ಒತ್ತಿ. ಸಂದಿಯಿಂದ ಕರಗಿದ ಪ್ಲಾಸ್ಟಿಕ್ ಕೂದಲೆಳೆಯಷ್ಟು ಉಬ್ಬಿ ಬಂತಲ್ಲ, ಅಷ್ಟು ಸಾಕು. ಒರೆಸಲು ಹೋಗಬೇಡಿ, ಬೆರಳಚ್ಚು ಶಾಶ್ವತವಾಗಿ ಕೂತುಬಿಡುತ್ತದೆ. ನಾಳೆ ಒಣಗಿದ ಮೇಲೆ ಪಾಲಿಶ್ ಪೇಪರಿನಿಂದ ತಿಕ್ಕಿದರೆ ಎರಡು ಹೋಳು ಇದ್ದವೆಂಬುದೇ ತಿಳಿಯಬಾರದು.

ಇದನ್ನು ತಿರುಗಿಸಿ, ರೆಕ್ಕೆ ಒಡಲಿಗೆ ಸೇರುವ ಬುಡ ನೋಡಿ. ಮುಂದೆ ಎರಡೂ ಕಡೆ ಗಾಳಿ ಒಳಹೋಗುವ ಬಾಯಿ, ಹಿಂದೆ ಎರಡೂ ಕಡೆ ಹೊಗೆ ಹೊರಬೀಳುವ ಬಾಯಿ. ಜೆಟ್ ವಿಮಾನದ ಹೊಗೆ ಬಾಲದಿಂದ ಬರುವುದಲ್ಲವೇ? ಇದರಲ್ಲಿ ಇಲ್ಲ. ಎಂಜಿನ್ ಒಂದೇ, ಕೊಳವೆ ಮಾತ್ರ ಕವಲೊಡೆದು ಎಡಕ್ಕೊಂದು ಬಲಕ್ಕೊಂದು. ಉದ್ದ ಕೊಳವೆಯಲ್ಲಿ ಒತ್ತಡ ಪೋಲಾಗುವುದು ತಪ್ಪಿತು, ಬೆನ್ನ ಹಿಂದಿನ ಜಾಗವೆಲ್ಲ ಇಂಧನದ ಟ್ಯಾಂಕಿಗೆ ಉಳಿಯಿತು. ಕಡಲ ಮೇಲೆ ಹಾರುವವನಿಗೆ ಒಂದೊಂದು ಲೀಟರೂ ಲೆಕ್ಕವೇ. ಚಿತ್ರ ನೋಡಿದಾಗ ನನಗಿದು ತಲೆಗೆ ಹತ್ತಿರಲಿಲ್ಲ. ಬೆಳಗಾವಿ ದಾಟಿ ಚೋರ್ಲಾ ಘಾಟ್ ಇಳಿದು, ಗೋವೆಯ ಬೋಗ್‌ಮಾಲೊದಲ್ಲಿರುವ ನೌಕಾ ವಿಮಾನಗಳ ಸಂಗ್ರಹಾಲಯದಲ್ಲಿ ನಿಜದ ಸೀ ಹಾಕ್ ಎದುರು ನಿಂತಾಗ ಹತ್ತಿತು. ಜನ ಮೂತಿಯ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು, ನಾನು ರೆಕ್ಕೆಯ ಹಿಂದೆ ಬಗ್ಗಿ ನಿಂತಿದ್ದೆ. ಈ ಯಂತ್ರದ ಜಾಣತನ ಇರುವುದೆಲ್ಲ ಅಲ್ಲೇ.

ಅಕ್ಕನ ಮಗ ಬಂದ. ಏಳನೇ ಇಯತ್ತೆ, ಪ್ರಶ್ನೆಗೆ ಬರವಿಲ್ಲ.

"ಮಾಮಾ, ಇದು ಖರೇನ ಹಾರತೈತೇನು?"

"ಇಲ್ಲೋ, ಇದು ನೋಡಾಕ ಅಷ್ಟ."

"ಮತ್ತ ಇದರ ಹಡಗ ಎಲ್ಲೈತಿ?"

ಹಡಗು ಡಬ್ಬಿಯಲ್ಲಿ ಬರುವುದಿಲ್ಲ. ವಿಕ್ರಾಂತಿನ ಉದ್ದ ಸುಮಾರು 213 ಮೀಟರ್, ಅಗಲ 39. ಭಾಗಿಸು ಅಂದೆ. ವಹಿಯ ಹಿಂದಿನ ಪುಟದಲ್ಲಿ ಗೀಚಿ, ಎರಡು ಮೀಟರ್ ತೊಂಬತ್ತಾರು ಸೆಂಟಿಮೀಟರ್ ಉದ್ದ, ಅಗಲ ಐವತ್ತನಾಲ್ಕು ಅಂದ. ಅಕ್ಕನ ಹೊಲಿಗೆ ಟೇಪು, ಶಾಲೆಯ ಸೀಮೆಸುಣ್ಣ ತಂದು ಪಡಸಾಲೆಯ ಪರಸಿಗಲ್ಲಿನ ಮೇಲೆ ಗೆರೆ ಹೊಡೆಯತೊಡಗಿದ. ಹೊಸ್ತಿಲ ಹತ್ತಿರ ಹಡಗಿನ ಮೂತಿ, ದೇವರ ಕೋಣೆಯ ಬಾಗಿಲಿಗೆ ಬಾಲ. ಎಡಕ್ಕೆ ಓರೆಯಾಗಿ ಇಳಿಯುವ ಪಟ್ಟೆ, ಬಲಕ್ಕೆ ಮೇಲುಕಟ್ಟಡದ ಚೌಕ. ಅವ್ವ ಅಡಿಗೆಮನೆಯಿಂದ ಇಣುಕಿ, "ಯಾರ ದಾಟಿ ಹೋಗಬೇಕೋ ಇದನ್ನ" ಅಂದಳು. ಆಮೇಲೆ ಅವಳೇ ಗೆರೆ ತುಳಿಯದೆ ಪಕ್ಕದಿಂದ ಹೋದಳು.

ರಟ್ಟಿನಲ್ಲಿ ಏಳು ತುಂಡು ಕತ್ತರಿಸಿದೆವು, ಅಗಲ 56 ಮಿಲಿಮೀಟರ್, ಉದ್ದ 168. ರೆಕ್ಕೆ ಮೇಲಕ್ಕೆ ಮಡಚಿದ ಸೀ ಹಾಕ್ ಹಿಡಿಯುವ ಜಾಗ ಅಷ್ಟೇ. ರೆಕ್ಕೆ ಬಿಚ್ಚಿಟ್ಟರೆ ಈ ಡೆಕ್ಕಿನ ಅಡ್ಡಕ್ಕೆ ಮೂರು ಹಿಡಿಯುತ್ತವೆ, ಮಡಚಿದರೆ ಒಂಬತ್ತು. ನೌಕಾ ವಿಮಾನದ ರೆಕ್ಕೆಗೆ ಯಾಕೆ ಕೀಲು ಅಂತ ನಾನು ವಿವರಿಸುವುದೇ ಬೇಕಾಗಲಿಲ್ಲ, ಹುಡುಗ ತಾನೇ ಏಳನ್ನೂ ಹಿಂದಕ್ಕೆ ಒತ್ತೊತ್ತಾಗಿ ಜೋಡಿಸಿ ಮುಂದೆ ಖಾಲಿ ಜಾಗ ಬಿಟ್ಟ. ಬಣ್ಣ ಕಾಣದ ನನ್ನ ಬೂದು ಪ್ಲಾಸ್ಟಿಕ್ಕಿನ ವಿಮಾನ ಮುಂದೆ ಕೂತಿತು, ಎಂಟನೆಯದಾಗಿ.

ಆ ಹೊತ್ತಿಗೇ ಹೊರಗೆ ಬೈಕ್ ನಿಂತ ಸದ್ದು. ಪಕ್ಕದ ಮನೆಯ ಕಾಕಾ. ಸಕ್ಕರೆ ಕಾರ್ಖಾನೆಯ ಬಾಯ್ಲರಿನಲ್ಲಿ ಕೆಲಸ, ರಾತ್ರಿ ಶಿಫ್ಟಿಗೆ ಹೋಗುವ ಮುಂಚೆ ಒಂದು ಕಪ್ ಚಹಾ ಇಲ್ಲೇ. ನನ್ನ ಈ ಆಟದ ಸಾಮಾನು ಅವರಿಗೆ ಎಂದೂ ಹಿಡಿಸಿದ್ದಿಲ್ಲ. ಚಹಾ ಹಿಡಿದು ಸೀಮೆಸುಣ್ಣದ ಗೆರೆಯನ್ನು ಒಂದು ಸುತ್ತು ನೋಡಿದರು.

"ಮಾಸ್ತರ, ಇಷ್ಟ ಜಾಗಾದಾಗ ಇದು ಹ್ಯಾಂಗ ಏಳತೈತ್ರಿ? ಯಾರ ತಳ್ಳತಾರ?"

"ಉಗಿ, ಕಾಕಾ. ಡೆಕ್ಕಿನ ಕೆಳಗ ಸಿಲಿಂಡರ್, ಅದರಾಗ ಪಿಸ್ಟನ್. ವಿಮಾನದ ಹೊಟ್ಟಿಗೆ ಉಕ್ಕಿನ ಹಗ್ಗ ಹಾಕಿ ಪಿಸ್ಟನ್ನಿಗೆ ಬಿಗಿತಾರ. ಬಾಯ್ಲರಿನ ಉಗಿನ ಇದನ್ನ ಒಗಿತೈತಿ."

"ಬಾಯ್ಲರ್?" ಕಾಕಾ ಕೆಳಗೇ ಕೂತರು, ವಿಕ್ರಾಂತಿನ ಬಾಲದ ಹತ್ತಿರ. "ಎಷ್ಟ ಪ್ರೆಶರ್?"

"ಯುದ್ಧದ ಹೊತ್ತಿನ್ಯಾಗ 400 ಪಿಎಸ್ಐ."

ಮನಸ್ಸಿನಲ್ಲೇ ಚದರ ಸೆಂಟಿಮೀಟರಿನ ಲೆಕ್ಕಕ್ಕೆ ತಂದರು. "28 ಕೆಜಿ. ನಮ್ದು 67ರಾಗ ನಡಿತೈತಿ. ಇಷ್ಟ ಕಡಿಮಿ ಯಾಕ?"

ಎಷ್ಟೋ ಜನಕ್ಕೆ ಈ ಕಥೆ ಹೇಳಿದ್ದೇನೆ, ಈ ಪ್ರಶ್ನೆ ಕೇಳಿದವರು ಇವರೊಬ್ಬರೇ. ಯಾಕೆಂದರೆ ಬಾಯ್ಲರ್ ಕೆಟ್ಟಿತ್ತು. ವಿಕ್ರಾಂತ್ ಹೊಸ ಹಡಗೇನಲ್ಲ. ಬ್ರಿಟಿಷರು ಎರಡನೇ ಮಹಾಯುದ್ಧಕ್ಕೆಂದು ಕಟ್ಟತೊಡಗಿ, ಯುದ್ಧ ಮುಗಿದದ್ದರಿಂದ ಅರ್ಧಕ್ಕೆ ಬಿಟ್ಟಿದ್ದ ಹರ್ಕ್ಯುಲಿಸ್ ಅದು. 1957ರಲ್ಲಿ ಕೊಂಡು ಪೂರ್ತಿ ಮಾಡಿಸಿ, 1961ರ ಮಾರ್ಚ್ 4ರಂದು ಬೆಲ್‌ಫಾಸ್ಟಿನಲ್ಲಿ ನಮ್ಮ ಧ್ವಜ ಏರಿಸಿದ್ದು. 1970ರ ಜೂನ್‌ನಲ್ಲಿ ಮುಂಬಯಿಯ ಗೋದಿಯಲ್ಲಿ ನಿಂತಾಗ ಬಾಯ್ಲರುಗಳ ನೀರಿನ ಡ್ರಮ್ಮುಗಳೊಳಗೆ ಬಿರುಕುಗಳು ಕಂಡವು. ವೆಲ್ಡಿಂಗಿಗೆ ಬಗ್ಗುವಂಥವಲ್ಲ. ಹೊಸ ಡ್ರಮ್ ಇಲ್ಲಿ ಸಿಗುತ್ತಿರಲಿಲ್ಲ, ನಾಲ್ಕನ್ನು ಬ್ರಿಟನ್ನಿಗೆ ಹೇಳಿಕಳಿಸಿದರು. ಅವು ಬರುವವರೆಗೆ ಬಾಯ್ಲರ್ ಹಚ್ಚಕೂಡದು ಅಂತ ಆಜ್ಞೆ.

"ಹಚ್ಚಬಾರದ ಮತ್ತ," ಕಾಕಾ ಅಂದರು. "ಡ್ರಮ್ ಬಿರಿದ ಬಾಯ್ಲರ್ ಅಂದ್ರ ಬಾಂಬ್ ಇದ್ದಂಗ. ನಮ್ಮಲ್ಲಿ ಇನ್‌ಸ್ಪೆಕ್ಟರ್ ಬಂದು ಬಂದ್ ಮಾಡಿಸಿ ಹೋಗ್ತಾನ."

ಹೌದು. ಆದರೆ ಪೂರ್ವದಲ್ಲಿ ಯುದ್ಧ ಹತ್ತಿರ ಬರುತ್ತಿತ್ತು, ಡ್ರಮ್ ಬರಲಿಲ್ಲ. 1971ರ ಮಾರ್ಚ್ 1ರಂದು ಒತ್ತಡ ತಗ್ಗಿಸಿ ಬಾಯ್ಲರ್ ಹಚ್ಚಿದರು, ಅದೇ ದಿನ ವಿಮಾನ ಒಗೆಯುವ ಆ ಉಗಿಯಂತ್ರ, ಕ್ಯಾಟಪಲ್ಟನ್ನೂ ಓಡಿಸಿ ನೋಡಿದರು. ಕಡೆಗೆ ಮಿತಿ ಗೊತ್ತುಪಡಿಸಿದರು: 400 ಪಿಎಸ್ಐ ದಾಟಕೂಡದು. ಅಷ್ಟು ಉಗಿಯಲ್ಲಿ ಹಡಗಿನ ವೇಗ 14 ನಾಟ್, ಅಂದರೆ ಗಂಟೆಗೆ 26 ಕಿಲೋಮೀಟರ್. ಎರಡು ಟ್ರೇಲರ್ ಕಬ್ಬು ಹೇರಿಕೊಂಡು ಮಹಾಲಿಂಗಪುರ ರಸ್ತೆಯಲ್ಲಿ ಹೋಗುವ ಟ್ರ್ಯಾಕ್ಟರಿನ ವೇಗ.

ಇದು ಬರೀ ಹಡಗು ನಿಧಾನ ಹೋಗುವ ಮಾತಲ್ಲ. ಹುಡುಗನ ಕೈಯಿಂದ ವಿಮಾನ ತೆಗೆದುಕೊಂಡು ತೋರಿಸಿದೆ. ವಿಮಾನ ಏಳಬೇಕಾದರೆ ರೆಕ್ಕೆಯ ಮೇಲೆ ಇಂತಿಷ್ಟು ಗಾಳಿ ಹರಿಯಬೇಕು. ಅದು ಮೂರು ಕಡೆಯಿಂದ ಬರುತ್ತದೆ: ಕಡಲ ಮೇಲೆ ಬೀಸುವ ಗಾಳಿ, ಅದಕ್ಕೆ ಎದುರಾಗಿ ಹಡಗು ಓಡುವ ವೇಗ, ಕ್ಯಾಟಪಲ್ಟಿನ ಒದೆತ. ಗಾಳಿ ನಮ್ಮ ಕೈಯಲ್ಲಿಲ್ಲ. ಉಳಿದೆರಡೂ ಬರುವುದು ಅದೇ ಬಾಯ್ಲರಿನ ಉಗಿಯಿಂದ. ಇಳಿಯುವಾಗಲೂ ಅಷ್ಟೇ, ಹಡಗು ಮುಂದಕ್ಕೆ ಓಡಿದಷ್ಟು ಬಾಲದ ಕೊಕ್ಕೆಗೆ ತಂತಿ ಸಿಕ್ಕುವಾಗಿನ ಜಗ್ಗಾಟ ಕಡಿಮೆ.

"ಅಂದ್ರ ಬಾಯ್ಲರ್ ಮನಿಯಾಂವ ಕೈ ಎತ್ತಿದ್ರ ಮ್ಯಾಲಿನ ಪೈಲಟ್ ಮನಿಗೇ," ಅಂದರು ಕಾಕಾ. ಮುಖದಲ್ಲಿ ಹೆಮ್ಮೆ ಇತ್ತು.

ಗೋಡೆಗೆ ಒರಗಿ ಕೂಡ್ರಿ. ಪಡಸಾಲೆಯನ್ನು ಬಂಗಾಳ ಕೊಲ್ಲಿ ಅಂದುಕೊಳ್ಳಿ. 1971ರ ಡಿಸೆಂಬರ್ 4, ಶನಿವಾರ. ವಿಕ್ರಾಂತನ್ನು ಹುಡುಕಿಕೊಂಡು ಬಂದಿದ್ದ ಪಾಕಿಸ್ತಾನದ ಜಲಾಂತರ್ಗಾಮಿ ಗಾಝಿ ಹಿಂದಿನ ರಾತ್ರಿಯೇ ವಿಶಾಖಪಟ್ಟಣದ ಹೊರಗೆ ಮುಳುಗಿದೆ. ವಿಕ್ರಾಂತ್ ಅಲ್ಲಿ ಇರಲೇ ಇಲ್ಲ, ಅಂಡಮಾನಿನ ಕಡೆ ಅಡಗಿಸಿ ಇಟ್ಟಿದ್ದರು. ಈಗ ಅದು ಕಾಕ್ಸ್ ಬಜಾರಿನಿಂದ 60 ನಾಟಿಕಲ್ ಮೈಲು ದೂರದಲ್ಲಿದೆ. ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ಹಡಗಿನ ಮೂತಿಯನ್ನು ಗಾಳಿಗೆ ತಿರುಗಿಸುತ್ತಾರೆ. ಡೆಕ್ಕಿನ ಮೇಲೆ ಸೀ ಹಾಕ್‌ಗಳ ರೆಕ್ಕೆ ಬಿಚ್ಚಿಕೊಳ್ಳುತ್ತಿವೆ. 300ನೇ ಸ್ಕ್ವಾಡ್ರನ್ನಿನ ಮುಖ್ಯಸ್ಥ ಲೆಫ್ಟಿನೆಂಟ್ ಕಮಾಂಡರ್ ಸಂತೋಷ್ ಕುಮಾರ್ ಗುಪ್ತ. ಒಂದು ವಿಮಾನ ಕ್ಯಾಟಪಲ್ಟಿನ ಮೇಲೆ ಬಂತು. ಹೊಟ್ಟೆಗೆ ಹಗ್ಗ, ಬಾಲಕ್ಕೆ ತಡೆ. ಎಂಜಿನ್ ಪೂರ್ತಿ ಏರಿಸುತ್ತಾರೆ, ರೆಕ್ಕೆಯ ಎರಡೂ ಬುಡದಿಂದ ಬಿಸಿಗಾಳಿ ಡೆಕ್ಕಿಗೆ ಅಪ್ಪಳಿಸುತ್ತದೆ. ಡೆಕ್ ಅಧಿಕಾರಿಯ ಕೈ ಕೆಳಗಿಳಿಯಿತು. ತಡೆ ಮುರಿಯಿತು, ಉಗಿ ನುಗ್ಗಿತು. ಹೊಸ್ತಿಲ ಹತ್ತಿರದ ಆ ಸೀಮೆಸುಣ್ಣದ ಗೆರೆ ದಾಟಿದರೆ ಮುಂದೆ ನೀರೇ. ಡೆಕ್ಕಿನ ಸಂದಿಯಲ್ಲಿ ಬಿಳಿ ಉಗಿ ಹರಡುವುದರೊಳಗೆ ಇನ್ನೊಂದು ವಿಮಾನ ಮುಂದೆ ಬರುತ್ತದೆ. ಹೀಗೆ ಎಂಟು.

ಹುಡುಗ ಒಂದೊಂದೇ ರಟ್ಟನ್ನು ಹೊಸ್ತಿಲಾಚೆ ಎತ್ತಿಟ್ಟ.

ಕಾಕ್ಸ್ ಬಜಾರಿನ ವಿಮಾನ ನಿಲ್ದಾಣಕ್ಕೆ ಬೆಳಗಿನ ಹೊತ್ತು ಪೆಟ್ಟು ಬಿತ್ತು. ಅದೇ ದಿನ ಚಿತ್ತಗಾಂಗಿನ ಬಂದರಿಗೆ, ಮುಂದೆ ಖುಲ್ನಾ, ಮೊಂಗ್ಲಾ. ಸ್ವರಾಜ್ ಪ್ರಕಾಶ್ ಮತ್ತು ಗುಪ್ತ ಇಬ್ಬರಿಗೂ ಮಹಾವೀರ ಚಕ್ರ ಬಂತು. ಆದರೆ ಡಿಸೆಂಬರ್ 4ನ್ನು ನಾವು ನೌಕಾಪಡೆಯ ದಿನವೆಂದು ಆಚರಿಸುವುದು ಇದಕ್ಕಲ್ಲ, ಅದೇ ರಾತ್ರಿ ಪಶ್ಚಿಮದಲ್ಲಿ ಕ್ಷಿಪಣಿ ದೋಣಿಗಳು ಕರಾಚಿಯ ಮೇಲೆ ಮಾಡಿದ ದಾಳಿಗೆ. ಕರಾಚಿಯ ಬೆಂಕಿ ಎಲ್ಲರಿಗೂ ಗೊತ್ತು. ತೂತು ಬಾಯ್ಲರಿನ ಹಡಗಿನದು ನನಗೆ ಅದಕ್ಕಿಂತ ದೊಡ್ಡ ಸಾಹಸವಾಗಿ ಕಾಣುತ್ತದೆ. ಅಲ್ಲಗಳೆಯುವವರು ಬಂದು ಜಗಳವಾಡಬಹುದು, ಚಹಾ ಇದೆ.

ಬಣ್ಣದ ಕೆಲಸಕ್ಕೆ ಬೆಳಗಿನ ಜಾವವೇ ಸರಿ, ಗಾಳಿ ಎದ್ದಿರುವುದಿಲ್ಲ, ಬೂದಿಯೂ ಕಡಿಮೆ. ಕಿಟಕಿ ಮುಚ್ಚಿ ನೆಲಕ್ಕೆ ನೀರು ಚಿಮುಕಿಸಿದ್ದೇನೆ, ಧೂಳು ಏಳದಿರಲಿ ಅಂತ. ಕೆಳಮೈಗೆ 'ಸ್ಕೈ' ಅನ್ನುವ ಬಣ್ಣ, ಹೆಸರಿಗೆ ಆಕಾಶವಾದರೂ ನೋಡಲು ಮಂಕು ಹಸಿರು. ಮೇಲ್ಮೈಗೆ ಗಾಢ ಸಮುದ್ರಬೂದು. ಏರ್‌ಬ್ರಷ್ಷಿನಲ್ಲಿ ತೆಳುವಾಗಿ, ಮೊದಲ ಪದರದಲ್ಲಿ ಪ್ಲಾಸ್ಟಿಕ್ ಇನ್ನೂ ಇಣುಕುತ್ತಿರಬೇಕು. ಒಂದೇ ಸಲಕ್ಕೆ ಮುಚ್ಚಲು ಹೋದರೆ ಫಲಕಗಳ ನಡುವಿನ ಸಣ್ಣ ಗೆರೆಗಳೆಲ್ಲ ತುಂಬಿಹೋಗುತ್ತವೆ. ಎರಡು ಬಣ್ಣ ಕೂಡುವಲ್ಲಿ ಟೇಪು. ಅದನ್ನು ಕೀಳುವಾಗ ಹಿಂದಕ್ಕೆ ಮಡಚಿ ನಿಧಾನ ಎಳೆಯಬೇಕು. ಗೆರೆ ಚೊಕ್ಕವಾಗಿ ಬಂದಾಗ ಆಗುವ ಖುಷಿ ಹೇಳಿದರೆ ಮನೆಯವರು ನಗುತ್ತಾರೆ.

ಗಾಜಿನಂಥ ಕ್ಯಾನೊಪಿಗೆ ಫೆವಿಕ್ವಿಕ್ ತೋರಿಸಲೇಬೇಡಿ. ಅದರ ಆವಿಗೆ ಪಾರದರ್ಶಕ ಪ್ಲಾಸ್ಟಿಕ್ ಮಂಜು ಹಿಡಿಯುತ್ತದೆ. ಬಡಗಿಯ ಬಿಳಿ ಫೆವಿಕಾಲ್ ಒಂದು ಹನಿ ಸಾಕು, ಒಣಗಿದರೆ ಕಾಣುವುದೂ ಇಲ್ಲ.

ಡೆಕಾಲ್ ಹಚ್ಚುವ ಹೊತ್ತಿಗೆ ಹುಡುಗ ಮತ್ತೆ ಹಾಜರ್. ತಟ್ಟೆಯ ನೀರಿನಲ್ಲಿ ನೆನೆದ ಕಾಗದದಿಂದ ವರ್ತುಲವನ್ನು ಕುಂಚದಿಂದ ಜಾರಿಸಿ ರೆಕ್ಕೆಗೆ ಇಳಿಸುತ್ತಿದ್ದೇನೆ.

"ಮಾಮಾ, ಉಲ್ಟಾ ಆತು! ಕೇಸರಿ ಹೊರಗ ಬರಬೇಕು, ಧ್ವಜದಾಗ ಮ್ಯಾಲ ಐತಲ್ಲ."

ಉಲ್ಟಾ ಅಲ್ಲ. ನಮ್ಮ ಯುದ್ಧವಿಮಾನದ ವರ್ತುಲದಲ್ಲಿ ಕೇಸರಿ ನಡುವೆ, ಹಸಿರು ಹೊರಗೆ. ಇದರಲ್ಲಿ ದೊಡ್ಡವರೂ ಎಡವುತ್ತಾರೆ. ಬಾಲದ ವಿಷಯ ಇನ್ನೂ ತೊಡಕಿನದು. ಬ್ರಿಟನ್ನಿನಿಂದ ಬಂದವು ಸಾಲದೆ, ಪಶ್ಚಿಮ ಜರ್ಮನಿಯ ನೌಕಾಪಡೆ ಬಳಸಿ ಬಿಟ್ಟ 28 ಸೀ ಹಾಕ್‌ಗಳನ್ನೂ ಭಾರತ ಕೊಂಡಿತ್ತು. ಜರ್ಮನ್ನರಿಗಾಗಿ ಮಾಡಿದ ವಿಮಾನದ ಬಾಲದ ರೆಕ್ಕೆ ಬ್ರಿಟಿಷರದಕ್ಕಿಂತ ಎತ್ತರ. ಹಾಗಾಗಿ ಯಾವ ಸಂಖ್ಯೆಯ ವಿಮಾನ, ಯಾವ ಕಂತಿನದು ಅಂತ ಹಳೆಯ ಫೋಟೊ ಹುಡುಕಿ ನಿರ್ಧರಿಸದೆ ಡಬ್ಬಿ ತರಿಸಲೇಬಾರದು. ನನ್ನದು ಗಿಡ್ಡ ಬಾಲದ್ದು. ಕೊನೆಗೆ ರೆಕ್ಕೆಬುಡದ ಬಾಯಿಗಳ ಹಿಂದೆ ಒಡಲಿಗೆ ಪೆನ್ಸಿಲ್ ಪುಡಿಯ ಮಸಿ, ಹೊಗೆ ಹೋದ ದಾರಿ ಕಾಣಲಿ ಅಂತ.

ಪೂರ್ತಿಯಾದ ವಿಮಾನ ನೋಡಲು ಕಾಕಾ ತಾವಾಗಿಯೇ ಬಂದರು. ರೆಕ್ಕೆ ಫಿರಂಗಿ ಯಾವುದನ್ನೂ ಕೇಳಲಿಲ್ಲ.

"ಆ ಡ್ರಮ್ ಏನಾದವ್ರಿ ಮಾಸ್ತರ? ಬದಲಿ ಮಾಡಿದ್ರೋ ಇಲ್ಲೋ?"

ಮಾಡಿದರು. 1979ರಿಂದ 1982ರವರೆಗಿನ ದೊಡ್ಡ ದುರಸ್ತಿಯಲ್ಲಿ ವಿಕ್ರಾಂತಿಗೆ ಹೊಸ ಬಾಯ್ಲರುಗಳನ್ನೇ ಕೂಡಿಸಿದರು. ಮರುವರ್ಷ, 1983ರಲ್ಲಿ, ಸೀ ಹಾಕ್ ಜಾಗಕ್ಕೆ ಸೀ ಹ್ಯಾರಿಯರ್ ಬಂತು. ಅದು ತನ್ನ ಎಂಜಿನ್ನಿನ ಬಲದಿಂದಲೇ ಏಳುವ ವಿಮಾನ, ಕ್ಯಾಟಪಲ್ಟ್ ಬೇಡ. ಹಡಗಿನ ಇನ್ನೊಂದು ಬಗೆಯ ವಿಮಾನ ಅಲಿಜೆಗೆ ಅದು ಇನ್ನೂ ಕೆಲವು ವರ್ಷ ಬೇಕಾಯಿತು, ಆಮೇಲೆ ಕ್ಯಾಟಪಲ್ಟನ್ನು ಕಿತ್ತು ಹಡಗಿನ ಮೂತಿಗೆ ಮೇಲಕ್ಕೇರುವ ದಿಬ್ಬ ಕಟ್ಟಿದರು. 1997ರ ಜನವರಿಯಲ್ಲಿ ಹಡಗು ನಿವೃತ್ತ. ಮುಂಬಯಿಯಲ್ಲಿ ಸಂಗ್ರಹಾಲಯವಾಗಿ ನಿಂತು, 2014ರಲ್ಲಿ ಗುಜರಿಗೆ ಹೋಯಿತು. ಅದರ ಲೋಹ ಕೊಂಡು ಬಜಾಜಿನವರು 2016ರಲ್ಲಿ 'ವಿ' ಅನ್ನುವ ಬೈಕ್ ತಂದರು. ಹೊರಗೆ ನಿಂತಿರುವ ಕಾಕಾನ ಬೈಕೂ ಅದೇ. ಅದನ್ನು ಹೇಳಿದೆ.

ಅವರಿಗೆ ಬೈಕಿನ ಮಾತು ಕಿವಿಗೆ ಬಿದ್ದಂತಿಲ್ಲ. "ಹೊಸಾ ಬಾಯ್ಲರ್ ಹಾಕೂದ್ರಾಗ ಉಗಿ ಬ್ಯಾಡಾದ ವಿಮಾನ ಬಂತು ಅನ್ರಿ. ಬಾಯ್ಲರಿನವರ ಹಣೆಬಾರ ಎಲ್ಲಾ ಕಡೆ ಹಿಂಗ." ಗಡಿಯಾರ ನೋಡಿಕೊಂಡು ಎದ್ದರು. ಶಿಫ್ಟ್ ಹನ್ನೆರಡಕ್ಕೆ.

"ಮಾಮಾ, ಆ ಅಲಿಜೆದ ಡಬ್ಬಿ ಎಷ್ಟಕ್ಕ ಸಿಗತೈತಿ?" ಹುಡುಗ ಆಗಲೇ ನನ್ನ ಮೊಬೈಲ್ ಎತ್ತಿಕೊಂಡಿದ್ದ.